ಮೌನಕ್ಕೆ ಕೂತವರು

ಮೋಟಾರ್ ನ್ಯೂರಾನ್ ಕಾಯಿಲೆ ಅಂದರೆ ಏನಂತ ಊರೂರಿಗೆ ಹೋಗಿ ತಿಳಿಸಿ, ಅದರ ಸಂಶೋಧನೆಗೆ ದೇಣಿಗೆ ಎತ್ತುವ ಕೆಲಸ ಆಗ ನನ್ನದು. ಕೈಕಾಲು ಸೋಲುತ್ತವೆ, ಮಾತು ಬಿದ್ದುಹೋಗುತ್ತದೆ, ಬುದ್ಧಿ ಮಾತ್ರ ಸಾಮಾನ್ಯವಾಗಿ ನೆಟ್ಟಗಿರುತ್ತದೆ ಅಂತ ಹಿರೇಹಡಗಲಿಯ ಕಟ್ಟೆಯ ಮೇಲೆ ನಿಂತು ಗಂಟಲು ಹರಿದುಕೊಂಡೆ. ಯಾರೂ ಕಿವಿಗೊಡಲಿಲ್ಲ.

"ಅದೆಲ್ಲ ಇರ್ಲಿ ಬಿಡ್ರಿ. ನಮ್ಮೂರಾಗ ಒಬ್ರು ಮೌನಕ್ಕ ಕುಂತಾರ, ದರ್ಶನ ಮಾಡ್ಕೊಂಡು ಹೋಗ್ರಿ" ಅಂತ ಅಲ್ಲಿದ್ದ ಹಿರಿಯರೊಬ್ಬರು ಕರೆದುಕೊಂಡು ಹೋದರು.

ಪಡಸಾಲೆಯಲ್ಲಿ ಒಬ್ಬರು ಗೋಡೆಗೊರಗಿ ಕೂತಿದ್ದರು. ಹಣೆ ತುಂಬ ವಿಭೂತಿ, ಮುಂದೆ ತೆಂಗಿನಕಾಯಿ, ಕಾಣಿಕೆಯ ತಟ್ಟೆ, ಸುತ್ತ ಒಂದಷ್ಟು ಜನ. ತೊಡೆಯ ಮೇಲಿಟ್ಟ ಕೈ ಬರೀ ಎಲುಬು. ತೋಳಿನ ಮಾಂಸ ತಾನಾಗೇ ಅದುರುತ್ತಿತ್ತು. ನಾನು ಊರೂರು ಸಾರುತ್ತಿದ್ದ ಕಾಯಿಲೆಯೇ ಎದುರಿಗೆ ಕೂತಂತಿತ್ತು. ಅಡುಗೆಮನೆಗೆ ಹೋಗಿ ಅವರ ಹೆಂಡತಿಗೆ ಮೆಲ್ಲಗೆ ಹೇಳಿದೆ.

"ಗೊತ್ತೈತ್ರಿ, ಡಾಕ್ಟ್ರು ಹೇಳ್ಯಾರ" ಅಂದರು ಆಕೆ. "ಬ್ಯಾನಿ ಅಂದ್ರ ಮಂದಿ ಒಂದಿನ ಬಂದು ಲೊಚಗುಟ್ಟಿ ಹೋಗ್ತಾರ. ಮೌನ ಅಂದ್ರ ದಿನಾ ಬರ್ತಾರ. ನಮ್ಮನಿಯವ್ರಿಗೆ ಮಂದಿ ಅಂದ್ರ ಜೀವ. ನೀವು ಬಾಯಿ ಬಿಡಬ್ಯಾಡ್ರಿ." ಆಮೇಲೆ ಹೊರಬಂದು ತಟ್ಟೆಯ ಕಾಣಿಕೆಯನ್ನೆಲ್ಲ ನನ್ನ ಡಬ್ಬಿಗೆ ಸುರಿದರು. "ಔಷಧ ಲಗೂನ ಹುಡುಕಸ್ರಿ."

ಕೂತವರ ಕಣ್ಣು ನನ್ನ ಮೇಲೇ ಇತ್ತು. ಒಳಗಿನ ಮಾತೆಲ್ಲ ಕೇಳಿಸಿತ್ತೇನೋ, ಆ ಕಣ್ಣಲ್ಲಿ ನಗುವಿತ್ತು.

"ಏನರ ಅಪ್ಪಣಿ ಆತೇನ್ರಿ?" ಹಿರಿಯರು ಭಕ್ತಿಯಿಂದ ಕೇಳಿದರು.

ಜನಕ್ಕೆ ತಿಳಿವಳಿಕೆ ಕೊಡಲೆಂದೇ ಸಂಬಳ ತಗೊಳ್ಳುತ್ತಿದ್ದ ನಾನು, "ಕಣ್ಣಲ್ಲೇ ಆಯ್ತು" ಅಂದೆ. "ದಿನಾ ಬಂದು, ಪಕ್ಕದಲ್ಲಿ ಕೂತು, ಊರ ಸುದ್ದಿಯೆಲ್ಲ ಹೇಳಬೇಕಂತೆ."