ಕಾಕಿ ಓದಿದ ಇಂಜಿನ್ ನಂಬರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಗ್ರೀಸಿನ ಕಪ್ಪು ಗೆರೆಯೊಂದು ಕೂತುಬಿಟ್ಟಿತ್ತು. ಸೀಗೆಕಾಯಿ, ಸೋಪಿನ ಪುಡಿ, ಸೀಮೆಎಣ್ಣೆ ಯಾವುದಕ್ಕೂ ಅದು ಬಗ್ಗಲಿಲ್ಲ. ಬಸದಿಗೆ ಹೋಗುವಾಗ ಮಾತ್ರ ಆ ಬೆರಳನ್ನು ಸೆರಗಿನೊಳಗೆ ಮಡಚಿಕೊಳ್ಳುತ್ತಿದ್ದರು. ಅಥಣಿಯಲ್ಲಿ ಗಾಡಿಗಳ ಬಿಡಿಭಾಗ ಮಾರುತ್ತಿದ್ದ ಅವರನ್ನು ಊರೆಲ್ಲ ಕಾಕಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ನನಗಿಂತ ಹತ್ತು ವರ್ಷಕ್ಕಷ್ಟೇ ದೊಡ್ಡವರು, ನನಗೂ ಕಾಕಿಯೇ.

ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತಾರೆ ಎಂದುಕೊಂಡವರೇ ಹೆಚ್ಚು. ಕಾಕಿ ದಿನಕರ್ಮ ಮುಗಿಸಿ ಬಂದು ಗಲ್ಲಾದ ಹಿಂದೆ ಕೂತರು. ಕೈಯಲ್ಲಿ ಒಂದು ಪುಟ್ಟ ಕನ್ನಡಿ, ಅವರ ಕುಂಕುಮದ ಡಬ್ಬಿಯ ಮುಚ್ಚಳದಲ್ಲಿದ್ದದ್ದು. ಇಂಜಿನ್ನಿನ ಹಿಂಬದಿಯಲ್ಲಿ, ಕಣ್ಣು ಹೋಗದ ಸಂದಿಯಲ್ಲಿ ಕೊರೆದಿರುವ ನಂಬರನ್ನು ಆ ಕನ್ನಡಿ ತೂರಿಸಿ ಓದುತ್ತಿದ್ದರು. ಉಲ್ಟಾ ಕಾಣುವ ಅಕ್ಷರ ಅವರಿಗೆ ನೇರವೇ. ಈ ಕನ್ನಡಿಯೇ ಯಾಕೆ ಎಂದು ಒಮ್ಮೆ ಕೇಳಿದೆ. "ಮನ್ಯಾಗ ಸುಮ್ಮನ ಬಿದ್ದಿತ್ತರಿ. ಇಲ್ಲಿ ಕೆಲಸಕ್ಕ ಬಂತು" ಅಂದರು.

ನಮ್ಮ ಕಡೆಯ ಹಳೆ ಗಾಡಿಗಳು ಸಾಂಗ್ಲಿ, ಮಿರಜ, ಕೊಲ್ಲಾಪುರದಿಂದ ನಾಲ್ಕು ಕೈ ದಾಟಿ ಬಂದಿರುತ್ತವೆ. ಯಾವ ಕೈ ಯಾವಾಗ ಯಾವ ಇಂಜಿನ್ ಎತ್ತಿ ಇಟ್ಟಿದೆಯೋ ದೇವರಿಗೇ ಗೊತ್ತು. ಹಾಗಾಗಿ ಬರೀ ಗಾಡಿಯ ಹೆಸರು ಹೇಳಿ ಸಾಮಾನು ಕೇಳಿದರೆ ಕಾಕಿ ಕೊಡುತ್ತಿರಲಿಲ್ಲ. "ಬಾನೆಟ್ ತಗದ ನೋಡೀರೇನ?" ಎಂಬುದೇ ಅವರ ಮೊದಲ ಪ್ರಶ್ನೆ. ಯಾರಾದರೂ ಮೊಬೈಲಿನಲ್ಲಿ ಫೋಟೋ ತೋರಿಸಿದರೆ, "ಇದರಾಗ ಬಣ್ಣ ಛಲೋ ಕಾಣತೈತಿ, ಇಂಜಿನ್ ಕಾಣವಲ್ದು" ಎಂದು ವಾಪಸು ಕಳಿಸುತ್ತಿದ್ದರು. ಗಿರಾಕಿಗಳು ಬೈದುಕೊಳ್ಳುತ್ತಿದ್ದರು. ನಾನೂ ಬೈದುಕೊಂಡವನೇ.

ಅವರದು ಇನ್ನೊಂದು ಹಟವಿತ್ತು. ಹೊತ್ತು ಮುಳುಗುವ ಮೊದಲೇ ಊಟ. ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ, ಮರುದಿನ ಸೂರ್ಯ ಏರುವ ತನಕ. ಜೈನರ ಮನೆಗಳಲ್ಲಿ ಇದು ಹೊಸತಲ್ಲ. ವ್ಯಾಪಾರದ ಹೊತ್ತೆಂದು ಸಡಿಲ ಬಿಟ್ಟವರೂ ಉಂಟು. ಕಾಕಿ ಬಿಡಲಿಲ್ಲ. ಅವರು ಊಟದ ಡಬ್ಬಿ ಬಿಚ್ಚಿದರೆಂದರೆ ಯಾರೇ ಬಂದರೂ ಕಾಯಬೇಕು.

ನನ್ನ ಹೆಂಡತಿಯ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಮಿರಜದಲ್ಲಿ ಡಯಾಲಿಸಿಸ್ ಶುರುವಾದಾಗ ನಾನೊಂದು ಹಳೆ ಕಾರು ಕೊಂಡೆ. ಹತ್ತಿರದ ಸತ್ತಿ ಎಂಬ ಹಳ್ಳಿಯ ಶಾಲೆಯಲ್ಲಿ ಪಾಠ, ಅಥಣಿಯಲ್ಲಿ ಅಡುಗೆ, ಮಿರಜದಲ್ಲಿ ಬೆಂಚಿನ ಮೇಲೆ ಕಾಯುವುದು. ನಿದ್ದೆ ಮಾಡಿದರೆ ಹೋಗುವಂಥ ದಣಿವಲ್ಲ ಅದು. ಒಂದು ಸೋಮವಾರ ಬರುವಾಗ ಕಾಗವಾಡದ ಹತ್ತಿರ ಕಾರು ನಿಂತಿತು. ಎಳೆಸಿಕೊಂಡು ಅಥಣಿಯ ಗ್ಯಾರೇಜಿಗೆ ತಂದೆ. ಇಂಜಿನ್ನಿನ ಬೆಲ್ಟು ತುಂಡಾಗಿ, ಹಲ್ಲು ಕಿತ್ತು, ಅಳತೆಗೂ ಸಿಗದಂತಾಗಿತ್ತು. ಅಲ್ಲಿಯ ಮಿಸ್ತ್ರಿ ಗಾಡಿಯ ಹೆಸರು ಹೇಳಿ ಬೇರೆ ಊರಿಂದ ತರಿಸಿದ ಎರಡು ಬೆಲ್ಟೂ ಕೂರಲಿಲ್ಲ. ಅಷ್ಟರಲ್ಲಿ ಬುಧವಾರ ಸಂಜೆಯಾಯಿತು. ಗುರುವಾರ ಬೆಳಗ್ಗೆ ಎಂಟಕ್ಕೆ ಅವಳ ಪಾಳಿ. ಮದುವೆಯ ದಿನಗಳು, ಬಾಡಿಗೆ ಗಾಡಿ ಒಂದೂ ಖಾಲಿಯಿಲ್ಲ. ಬಸ್ಸಿತ್ತು, ನಿಜ, ಆದರೆ ಹಿಂದೊಮ್ಮೆ ಬಸ್ಸಿನಲ್ಲಿ ಬರುವಾಗ ಅವಳು ನಿಂತಲ್ಲೇ ಕುಸಿದದ್ದನ್ನು ನಾನು ಮರೆತಿರಲಿಲ್ಲ.

"ಕಾಕಿ ಕಡೆ ನೀವ ಹೋಗ್ರಿ ಸರ್, ನಾ ಹೋದ್ರ ಬೈತಾರ" ಎಂದ ಮಿಸ್ತ್ರಿ.

ನಾನು ಹೋದಾಗ ಕಾಕಿ ಆಗಷ್ಟೇ ಡಬ್ಬಿ ಬಿಚ್ಚಿ ರೊಟ್ಟಿ ಮುರಿದಿದ್ದರು. "ಮುಂಜಾನಿಂದ ಪುರಸೊತ್ತ ಸಿಕ್ಕಿಲ್ಲ. ಒಂದ್ ಹತ್ತ ಮಿನಿಟ್ ಕೂಡ್ರಿ, ಮಾಸ್ತರ್ರ" ಅಂದರು. ನಾನು ಕೂರಲಿಲ್ಲ. ಗಾಡಿಯ ನೋಂದಣಿ ಪುಸ್ತಕವನ್ನು ಅವರ ಡಬ್ಬಿಯ ಪಕ್ಕದಲ್ಲೇ ಇಟ್ಟೆ.

"ಇದರಾಗ ಇಂಜಿನ್ ನಂಬರ್ ಐತಿ. ಇದಕ್ಕ ಕೂಡೂ ಬೆಲ್ಟ್ ಕೊಡ್ರಿ."

"ಇದು ಪುಸ್ತಕದಾಗಿಂದಾತು. ಗಾಡ್ಯಾಗಿಂದು ನೋಡೀರೇನ?"

"ಸರಕಾರದ ಪುಸ್ತಕ ಸುಳ್ಳ ಹೇಳತೈತೇನ್ರಿ ಕಾಕಿ?"

"ನೀವು ಸಾಲ್ಯಾಗ ಹಾಜರಿ ಕರೀತೀರಿ. ಹುಡುಗ ಹಾಜರ್ರಿ ಅಂದ್ರ ಸಾಕೊ, ಮಾರಿನೂ ನೋಡ್ತೀರೊ?"

ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದೆ. "ನನಗ ಸಾಕಾಗೇತಿ ಕಾಕಿ" ಎಂದೆ, ದನಿ ಏರಿಸಿ. "ನಾಳೆ ಮುಂಜಾನೆ ಆಕೀನ ಮಿರಜಕ್ಕ ಒಯ್ಯಬೇಕು. ಯಾವದರ ಒಂದ ಕೊಟ್ಟ ಬಿಡ್ರಿ!"

ಕಾಕಿ ನನ್ನ ಮುಖ ನೋಡಿದರು. "ತಪ್ಪ ಬೆಲ್ಟ್ ಹಾಕಿದ್ರ ಮತ್ತ ದಾರ್ಯಾಗ ನಿಲ್ಲತೈತಿ, ಆಕಿ ಒಳಗಿದ್ದಾಗ" ಎಂದರು. ಮುರಿದ ರೊಟ್ಟಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಕನ್ನಡಿ ಸೊಂಟಕ್ಕೆ ಸಿಕ್ಕಿಸಿ, ಶಟರ್ ಎಳೆದು, ನನ್ನ ಸ್ಕೂಟರಿನ ಹಿಂದೆ ಕೂತರು.

ಗ್ಯಾರೇಜಿನಲ್ಲಿ ಮಿಸ್ತ್ರಿ ಮೊಬೈಲಿನ ಬೆಳಕು ಹಿಡಿದ. ನಂಬರಿನ ಜಾಗದಲ್ಲಿ ಎಣ್ಣೆ, ಧೂಳು ಸೇರಿ ಗಟ್ಟಿಯಾಗಿತ್ತು. ಸೀಮೆಎಣ್ಣೆಯ ಅರಿವೆಯಿಂದ ಒರೆಸುವುದು, ಕನ್ನಡಿ ಇಟ್ಟು ನೋಡುವುದು, ಮತ್ತೆ ಒರೆಸುವುದು. ನಡುವೆ ಒಮ್ಮೆ ತಲೆ ಎತ್ತಿ ಪಡುವಣದ ಕಡೆ ನೋಡಿದರು, ಮತ್ತೆ ಬಗ್ಗಿದರು. ಅಂಗಡಿಯ ಚಿಂತೆ ಇರಬೇಕು ಎಂದುಕೊಂಡೆ. ಅಷ್ಟೇ ನನ್ನ ಬುದ್ಧಿ.

"ಮಾಸ್ತರ್ರ, ನಿಮ್ಮ ಪುಸ್ತಕದಾಗಿನ ಹುಡುಗ ಬ್ಯಾರೆ, ಇಲ್ಲಿ ಕುಂತಾಂವ ಬ್ಯಾರೆ" ಅಂದರು ಕೊನೆಗೆ. ಮೊದಲ ಮೂರು ಅಕ್ಷರಗಳೇ ಹೊಂದುತ್ತಿರಲಿಲ್ಲ. ಬೇರೊಂದು ಗಾಡಿಯ ಇಂಜಿನ್ನನ್ನು ಯಾರೋ ಎಂದೋ ಇದರಲ್ಲಿ ಕೂರಿಸಿದ್ದರು. ಅದಕ್ಕೆ ಬೇಕಾದ ಬೆಲ್ಟು ಕಾಕಿಯ ಅಂಗಡಿಯ ಅಟ್ಟದಲ್ಲೇ ಇತ್ತು. ತಂದೆವು, ಮಿಸ್ತ್ರಿ ಹಾಕಿದ, ಇಂಜಿನ್ ಎದ್ದಿತು. ಅಷ್ಟರಲ್ಲಿ ಕತ್ತಲಾಗಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಕಾಕಿ ಡಬ್ಬಿ ಮುಚ್ಚಿಟ್ಟು ಬಂದದ್ದನ್ನೂ. ಅವಳು ನಗಲಿಲ್ಲ. "ಇವತ್ತ ಚತುರ್ದಶಿ" ಎಂದಳು. "ಕಾಕಿದು ಒಂದೊಪ್ಪತ್ತು. ಉಂಡ್ರೇನ?"

ಡಬ್ಬಿಯ ಮುಚ್ಚಳದ ಸದ್ದು ನನಗೆ ಕೇಳಿಸಿದ್ದು ಆಗ. ದಿನಕ್ಕೊಂದೇ ಊಟ, ಅದರ ಜೊತೆಗೇ ನೀರು. ಆ ಒಂದು ಊಟವನ್ನು ನಾನು ಎಬ್ಬಿಸಿಕೊಂಡು ಹೋಗಿದ್ದೆ. ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಕಾಯಿಲೆ ಬಂದಾಗಿನಿಂದ ನನ್ನ ಹೆಂಡತಿಗೆ ನೀರು ಅಳತೆಯ ಮೇಲೆ. ರಾತ್ರಿಗೆ ಅರ್ಧ ಲೋಟ. "ನೀರಿಲ್ಲದ ರಾತ್ರಿ ಎಷ್ಟ ಉದ್ದ ಇರತೈತಿ, ನನಗ ಗೊತ್ತೈತಿ" ಎಂದು ಎದ್ದು ಒಳಗೆ ಹೋದಳು.

ಮರುದಿನ ಮಿರಜದಿಂದ ಬರುವಾಗ ಅಂಗಡಿಯ ಮುಂದೆ ನಿಲ್ಲಿಸಿ, "ತಪ್ಪಾತ ಕಾಕಿ" ಎಂದೆ. "ಉಪಾಸ ನನಗೇನ ಹೊಸಾದೇನ್ರಿ? ಆಕಿಗೆ ಹ್ಯಾಂಗೈತಿ?" ಎಂದು ಕಾರಿನೊಳಗೆ ಬಗ್ಗಿ ನೋಡಿದರು. ಆಮೇಲೆ, "ಆ ಇಂಜಿನ್ ಪುಸ್ತಕದಾಗ ಬರಸ್ರಿ ಮೊದಲ" ಅಂದರು. ಅದಕ್ಕಾಗಿ ಚಿಕ್ಕೋಡಿಯ ಸಾರಿಗೆ ಕಚೇರಿಗೆ ಎಷ್ಟು ಸಲ ಅಲೆದೆನೋ ಲೆಕ್ಕವಿಟ್ಟಿಲ್ಲ.

ಹೋದ ಚಳಿಗಾಲದಲ್ಲಿ ಜ್ವರವೆಂದು ಮಲಗಿದ ಕಾಕಿ ಏಳಲಿಲ್ಲ. ಅವರ ಸಂಸ್ಕಾರ ಮುಗಿಸಿ ನಾನು ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ಹೆಂಡತಿ ತನ್ನ ಅರ್ಧ ಲೋಟ ನೀರು ತುಂಬಿ, ಅದರ ಮೇಲೆ ತಟ್ಟೆ ಮುಚ್ಚಿಟ್ಟಿದ್ದಳು. ಕುಡಿ ಎಂದೆ. "ಮುಂಜಾನೆ ಕುಡೀತೇನಿ" ಎಂದಳು.

ಮರುದಿನ ಮಿರಜದ ಪಾಳಿ. ಕತ್ತಲಿರುವಾಗಲೇ ಕಾರು ಹೊರಗೆ ತೆಗೆದೆ. ಕಾಕಿ ಓದಿದ ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಅವಳು ಆ ನೀರನ್ನು ಪುಟ್ಟ ಬಾಟಲಿಗೆ ಸುರಿದುಕೊಂಡು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಬಾಟಲಿ ಮಡಿಲಲ್ಲೇ ಇತ್ತು. ಕಾಗವಾಡ ದಾಟುವಾಗ ಹಿಂದಿನ ದಾರಿ ತೋರಿಸುವ ಕನ್ನಡಿಯಲ್ಲಿ ಸೂರ್ಯ ಕಂಡ. ಅವಳಿಗೆ ಹೇಳಿದೆ. ತಿರುಗಿ ಒಮ್ಮೆ ನೋಡಿ, ಆಮೇಲೆ ಕುಡಿದಳು.