ಆ ಕೋಣೆಯಲ್ಲಿ ಹುಳು ಮೇಯ್ದ ಸದ್ದು

ಡಾಕ್ಟರಮ್ಮನೇ ಎಲ್ಲೋ ಒಂದು ಮೊಬೈಲು ಬಚ್ಚಿಟ್ಟು ಸದ್ದು ಹಾಕಿದ್ದಳು. ನನ್ನ ತೀರ್ಮಾನ ಇಷ್ಟೇ. ಎಲ್ಲಿ ಇಟ್ಟಿದ್ದಳು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಅಳದೆ ನುಂಗಿದ ದುಃಖ ಗಂಟಲಿಗೆ ಅಡ್ಡ ಬರುತ್ತದೆ ಅಂದರೆ ನಾನು ನಂಬುವವಳಲ್ಲ. ಆದರೆ ನನ್ನ ಮಗ ಬೈಕಿನಿಂದ ಬಿದ್ದು ಸತ್ತ ಮೇಲೆ ಸೊಸೆ ಭಾಗ್ಯಳಿಗೆ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ದಿನವೇ ನಮ್ಮ ರೇಷ್ಮೆಹುಳು ಹಣ್ಣಾಗಿದ್ದವು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡದಿದ್ದರೆ ಅಷ್ಟೂ ಹಾಳು. ಹುಳುಮನೆಯಲ್ಲಿ ಕಣ್ಣೀರು ಹಾಕಬಾರದು, ಬೆಳೆ ಕೆಡುತ್ತದೆ ಅನ್ನುವುದು ನಮ್ಮ ಮನೆಯ ಪದ್ಧತಿ. ಅವಳು ಹುಳು ಆರಿಸಿದಳು, ಅಳಲಿಲ್ಲ. ಆಮೇಲೂ ಅಳಲಿಲ್ಲ. ಗಂಟಲಿಗೆ ಪೈಪು ಬಿಟ್ಟು ನೋಡಿದವರು ಏನೂ ಇಲ್ಲ ಅಂದರು. ಮೈ ಕಡ್ಡಿಯಾಯಿತು. ಹೀಗೇ ಬಿಟ್ಟರೆ ಇವಳೂ ಹೋಗುತ್ತಾಳೆ ಅಂತ ರಾಮನಗರಕ್ಕೆ, ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

“ಆ ದಿನ ಹುಳುಮನೇಲಿ ನಿಂತಿದ್ರಲ್ಲ, ಹಾಗೇ ಕಣ್ಣು ಮುಚ್ಚಿ ನಿಂತ್ಕೊಳಿ. ಅಳು ಬಂದ್ರೆ ತಡೀಬೇಡಿ” ಅಂದಳು ಆಯಮ್ಮ.

“ಅಳ್ಸಾಕೂ ಓದ್ಕೊಂಡ್ ಬರ್ಬೇಕಾ ತಾಯಿ?” ಅಂದೆ.

“ಅಜ್ಜಿ, ಒಂದೈದು ನಿಮಿಷ ಸುಮ್ನಿರಿ.”

“ಸುಮ್ಕೇ ಕುಂತಿವ್ನಿ.”

ಆಗ ಆ ಸದ್ದು ಬಂತು. ಸೋನೆಮಳೆ ಹಿಡಿದ ಹಾಗೆ, ತಟ್ಟೆ ತಟ್ಟೆ ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು. ಮೋಸ ಅಂತ ಅಲ್ಲೇ ಗೊತ್ತಾಯಿತು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಆ ದಿನ ಹುಳುಮನೆಯಲ್ಲಿ ಈ ಸದ್ದೇ ಇರಲಿಲ್ಲ.

ಭಾಗ್ಯ ಕಣ್ಣು ಬಿಡದೆ, “ಅತ್ತೆಮ್ಮಾ, ಅವ್ರು ಸೊಪ್ಪಾಕವ್ರೆ” ಅಂದಳು.

ಸೊಪ್ಪು ಹಾಕುತ್ತಿದ್ದವನು ನನ್ನ ಮಗ. ನಾನು ಎದ್ದು ಮೇಜಿನ ಕೆಳಗೆ, ಪರದೆ ಹಿಂದೆ, ಕೊನೆಗೆ ಆಯಮ್ಮನ ಬ್ಯಾಗಿನಲ್ಲೂ ಹುಡುಕಿದೆ. “ಯಾವ ಸದ್ದು ಅಜ್ಜಿ?” ಅಂತ ಅವಳು ಕಣ್ಣು ಕಣ್ಣು ಬಿಟ್ಟಳು. ಅಷ್ಟರಲ್ಲಿ ಭಾಗ್ಯಳ ತುಟಿ ಅದುರಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, “ಹುಳ ಅವೆ ಅತ್ತೆಮ್ಮಾ, ಅಳ್ಬಾರ್ದು” ಅಂದಳು. ಸದ್ದು ನಿಂತೇ ಹೋಯಿತು. ಬಸ್ಸು ಹತ್ತಿ ಊರಿಗೆ ಬಂದೆವು.

ನೀವು ಏನಾದರೂ ಅಂದುಕೊಳ್ಳಿ, ನನಗೆ ಆಯಮ್ಮನ ಮೇಲೆ ಈಗಲೂ ಅನುಮಾನ.

ಮಾರನೇ ಬೆಳಿಗ್ಗೆ ನಮ್ಮ ಹುಳುಮನೆಯಲ್ಲಿ ಈ ಸಲದ ಹುಳು ಮೇಯುತ್ತಿದ್ದವು. ಭಾಗ್ಯಳ ಕೈ ಹಿಡಿದು ಒಳಗೆ ನಿಲ್ಲಿಸಿದೆ. “ಹುಳ ಹೋದ್ರೆ ಹೋಗ್ಲಿ, ಅಳು ಕಣೆ” ಅಂದೆ. ಬಾಗಿಲು ಎಳೆದುಕೊಂಡು ಬಂದು, ಒಲೆ ಹಚ್ಚಿ, ಇಬ್ಬರಿಗೂ ಆಗುವಷ್ಟು ಮುದ್ದೆಗೆ ಎಸರಿಟ್ಟೆ.