ನೋಡದ ಏಳು ಬೀದಿಗಳು ಮತ್ತು ಒಂದು ಪ್ರಗತಿ ವರದಿ

ನೀರು ಸರಬರಾಜು ಕ್ಷೇತ್ರದಲ್ಲಿ ಅಣೆಕಟ್ಟು, ಎತ್ತರದ ಟ್ಯಾಂಕುಗಳನ್ನು ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ; ನೆಲದಡಿಯಲ್ಲಿ ಯಾವ ಕೊಳವೆ ಎಲ್ಲಿ ತಿರುಗಿದೆ, ಯಾವ ವಾಲ್ವ್ ಯಾರ ಮನೆಯ ಮುಂದೆ ಹೂತುಹೋಗಿದೆ ಎಂಬುದನ್ನು ಬೀದಿ ಬೀದಿ ಅಲೆದು ಕಾಗದಕ್ಕಿಳಿಸಿದವರ ಹೆಸರು ಕಡತದ ಒಳಗೇ ಇದ್ದುಬಿಡುತ್ತದೆ. ಮೂವತ್ತಾರು ವರ್ಷಗಳ ಸೇವೆಯನ್ನು ಪೂರೈಸಿ ಕಳೆದ ತಿಂಗಳು ನಿವೃತ್ತರಾದ ನಮ್ಮ ಅಧೀಕ್ಷಕ ಇಂಜಿನಿಯರರು ಈ ಎರಡನೆಯ ಸಾಲಿಗೆ ಸೇರಿದವರು. ಇಡೀ ನಗರದ ಕೊಳವೆಗಳ ನಕ್ಷೆಯನ್ನು ಹೊಸದಾಗಿ ತಯಾರಿಸಿದ ತಂಡಕ್ಕೆ ಅವರು ಮುಖ್ಯಸ್ಥರಾಗಿದ್ದರು. ಆ ತಂಡದ ಎಂಟು ಜನರಲ್ಲಿ ಅತ್ಯಂತ ಕಿರಿಯಳಾಗಿದ್ದವಳು ನಾನು.

ಎದುರಿಗೆ ನಾವೆಲ್ಲ ‘ಸರ್’ ಎನ್ನುತ್ತಿದ್ದೆವು. ಬೆನ್ನ ಹಿಂದೆ ಅವರು ‘ಮುಚ್ಚಳದ ಸಾಹೇಬರು’. ರಸ್ತೆಯಲ್ಲಿ ಕಬ್ಬಿಣದ ಮುಚ್ಚಳ ಕಂಡರೆ ಅದನ್ನು ಎತ್ತಿಸಿ, ಒಳಗೆ ಇಣುಕಿ ನೋಡದೆ ಮುಂದೆ ಹೋಗುವುದು ಅವರಿಂದಾಗುತ್ತಿರಲಿಲ್ಲ. ಈ ಹೆಸರು ತಮಗೆ ಗೊತ್ತಿಲ್ಲವೆಂದು ಅವರು ಬಹುಕಾಲ ನಟಿಸಿದರು. ಒಮ್ಮೆ ಫೋನಿನಲ್ಲಿ ಯಾರೋ ಬಾಯಿತಪ್ಪಿ ಹಾಗೆ ಕರೆದಾಗ ಮಾತ್ರ, “ಹೌದ್ರೀ, ಮುಚ್ಚಳವೇ ಮಾತಾಡ್ತಿರೋದು, ಹೇಳಿ” ಎಂದು ಉತ್ತರಿಸಿ ಇಡೀ ಕೋಣೆಯನ್ನು ನಗಿಸಿದ್ದರು.

ಪ್ರತಿ ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ತಂಡದ ಪ್ರಗತಿ ವರದಿ ಸಿದ್ಧವಾಗಬೇಕಿತ್ತು. ಬೇರೆ ವಿಭಾಗಗಳಲ್ಲಿ ಅದನ್ನು ಒಬ್ಬರು ಬರೆದು ಉಳಿದವರು ಕಣ್ಣು ಮುಚ್ಚಿ ಒಪ್ಪುವುದು ರೂಢಿ. ಇವರು ಎಂಟೂ ಜನರನ್ನು ಉದ್ದನೆಯ ಮೇಜಿನ ಸುತ್ತ ಕೂರಿಸಿ, ಅವರವರ ಪಾಲಿನ ಸಾಲುಗಳನ್ನು ಅವರವರಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ‘ಆಗಿದೆ’, ‘ಆಗುತ್ತಿದೆ’, ‘ಆಗಿಲ್ಲ’ ಎಂಬ ಮೂರು ಮಾತುಗಳಿಗಷ್ಟೇ ಅಲ್ಲಿ ಪ್ರವೇಶ. ನಾನು ನನ್ನ ಮೊದಲ ವರದಿಯಲ್ಲಿ ‘ಬಹುತೇಕ ಪೂರ್ಣಗೊಂಡಿದೆ’ ಎಂದು ಬರೆದಿದ್ದೆ. ಅವರು ಪೆನ್ಸಿಲನ್ನು ಆ ಪದದ ಮೇಲಿಟ್ಟು, “ಬಹುತೇಕ ಸೇರಿಸಿರೋ ಪೈಪಲ್ಲಿ ನೀರು ಎಲ್ಲಿಗೆ ಹೋಗುತ್ತಮ್ಮಾ, ನೀನೇ ಹೇಳು” ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಫಿಟ್ಟರ್ ಅಣ್ಣ; ತಂಡದಲ್ಲಿ ವಯಸ್ಸಿನಿಂದ ಸಾಹೇಬರಿಗಿಂತ ಹಿರಿಯರು ಅವರೊಬ್ಬರೇ.

ಈ ಲೇಖನದಲ್ಲಿ ನಾನು ಹೇಳಲೇಬೇಕಾದ ಘಟನೆ ನಕ್ಷೆಯ ಕೆಲಸದ ಎರಡನೆಯ ವರ್ಷದ್ದು. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದಾಗ, “ನಿನ್ನ ಮರ್ಯಾದೆ, ನಿನ್ನಿಷ್ಟ” ಎಂದು ನಕ್ಕರು. ಹಾಗಾಗಿ ಬರೆಯುತ್ತಿದ್ದೇನೆ.

ಆ ತಿಂಗಳು ನನ್ನ ಮಗಳಿಗೆ ಸೀತಾಳೆ ಸಿಡುಬು ಬಂದು ಒಂಬತ್ತು ದಿನ ರಜೆ ಹಾಕಿದ್ದೆ. ಮರಳಿ ಬಂದಾಗ ತಂಡದ ಉಳಿದ ಏಳೂ ಜನರ ಪ್ರದೇಶಗಳು ಮುಗಿದಿದ್ದವು. ನನ್ನ ಪಾಲಿನ ಏಳು ಬೀದಿಗಳು ಮಾತ್ರ ಬಾಕಿ. ನನ್ನೊಬ್ಬಳಿಂದ ಎಲ್ಲರ ಕೆಲಸವೂ ನಿಂತಿತೆನ್ನುವ ನಾಚಿಕೆ ನನ್ನನ್ನು ತಿನ್ನುತ್ತಿತ್ತು. ಹಳೆಯ ನಕ್ಷೆಯಲ್ಲಿದ್ದುದನ್ನು ಹಾಗೆಯೇ ನಕಲು ಮಾಡಿ, ‘ಸ್ಥಳದಲ್ಲಿ ಪರಿಶೀಲಿಸಲಾಗಿದೆ’ ಎಂದು ಬರೆದುಬಿಟ್ಟೆ. ಶುಕ್ರವಾರ ಅದನ್ನು ಗಟ್ಟಿಯಾಗಿಯೇ ಓದಿದೆ. ಸಾಹೇಬರು ನಂಬಿ ರುಜು ಹಾಕಿದರು. ಮುಖ್ಯ ಇಂಜಿನಿಯರರು ಆ ವರದಿಯ ಆಧಾರದ ಮೇಲೆಯೇ ನಕ್ಷೆಯ ಬಿಡುಗಡೆಗೆ ದಿನ ಗೊತ್ತುಮಾಡಿ, ನಮ್ಮ ತಂಡವನ್ನು ಎಲ್ಲರ ಮುಂದೆ ಹೊಗಳಿದರು.

ಆ ಹೊಗಳಿಕೆ ನನಗೆ ಜೀರ್ಣವಾಗಲಿಲ್ಲ. ಮರುದಿನ ಬೆಳಿಗ್ಗೆ ಅವರ ಕೋಣೆಗೆ ಹೋಗಿ, ಬಾಗಿಲ ಹತ್ತಿರವೇ ನಿಂತು, “ಸರ್, ಆ ಏಳು ಬೀದಿ ನಾನು ನೋಡಿಲ್ಲ” ಎಂದೆ.

“ನೋಡಿಲ್ಲ ಅಂದ್ರೆ? ಹೋಗಿ ಮುಚ್ಚಳ ತೆಗೆಸಿಲ್ವಾ, ಹೋಗಿಯೇ ಇಲ್ವಾ?”

“ಹೋಗಿಯೇ ಇಲ್ಲ ಸರ್.”

ಅವರ ಮುಖ ಬಿಗಿಯಾಯಿತು. ಎದುರಿನ ಕುರ್ಚಿ ತೋರಿಸಿ, “ಕೂತ್ಕೋ. ಮಗು ಈಗ ಹೇಗಿದೆ?” ಎಂದರು. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದ ನಾನು ಕುರ್ಚಿಯ ತುದಿಯಲ್ಲಿ ಕುಳಿತು, ವಾಸಿಯಾಗಿದೆ ಎಂದೆ.

ಅವರು ಒಂದು ಹಾಳೆ ತೆಗೆದುಕೊಂಡು ನನ್ನೆದುರಿಗೇ ಬರೆದರು: ‘ಏಳು ಬೀದಿಗಳನ್ನು ಪರಿಶೀಲಿಸಲಾಗಿದೆ ಎಂದು ಕಳೆದ ವರದಿಯಲ್ಲಿ ತಿಳಿಸಿದ್ದು ತಪ್ಪು. ಪರಿಶೀಲನೆ ಆಗಿಲ್ಲ. ಹತ್ತು ದಿನ ಬೇಕು. ರುಜು ನನ್ನದಾದ್ದರಿಂದ ಹೊಣೆಯೂ ನನ್ನದು.’ ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ತಪ್ಪು ನನ್ನದೆಂದು ಬರೆಯಿರಿ ಎಂದು ಬೇಡಿಕೊಂಡೆ.

“ನಿನ್ನ ಹೆಸರು ಬರೆದ್ರೆ ಎಲ್ಲರೂ ನಿನ್ನ ಹಿಂದೆ ಬೀಳ್ತಾರೆ, ಬೀದಿ ಹಾಗೇ ಉಳಿಯುತ್ತೆ. ಈಗ ನಮಗೆ ಬೇಕಿರೋದು ಬೀದಿ” ಎಂದರು. ನಾನು ಎದ್ದು ಹೊರಟಾಗ ಹಿಂದಿನಿಂದ, “ಇನ್ನೊಂದ್ಸಲ ಹೀಗೆ ಮಾಡಿದ್ರೆ ನಾನೇ ನಿನ್ನ ಹೆಸರು ಬರೀತೀನಿ, ದಪ್ಪಕ್ಷರದಲ್ಲಿ” ಎಂದೂ ಸೇರಿಸಿದರು.

ಬಿಡುಗಡೆ ಮುಂದಕ್ಕೆ ಹೋಯಿತು. ಮುಖ್ಯ ಇಂಜಿನಿಯರರು ತುಂಬಿದ ಸಭೆಯಲ್ಲಿ, “ಇಷ್ಟು ವರ್ಷ ಸರ್ವಿಸ್ ಆಗಿದೆ, ಒಂದು ವರದಿ ನೆಟ್ಟಗೆ ಬರೆಯೋಕೆ ಬರಲ್ವೇನ್ರೀ ನಿಮಗೆ?” ಎಂದು ಗದರಿದರು.

“ಈಗ ನೆಟ್ಟಗೆ ಬರೆದಿದ್ದೀನಿ ಸರ್” ಎಂದಷ್ಟೇ ಹೇಳಿ ಇವರು ಕುಳಿತುಕೊಂಡರು. ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರಣ ಇದೇ ಎಂದು ಕಚೇರಿಯಲ್ಲಿ ಆಡಿಕೊಂಡರು. ನಾನು ಕಂಡಿದ್ದಲ್ಲ, ಕೇಳಿದ್ದು. ಅವರ ಬಾಯಿಂದ ಆ ಬಗ್ಗೆ ಒಂದು ಮಾತೂ ಬಂದದ್ದಿಲ್ಲ. ಬಡ್ತಿ ಬರಲು ಮತ್ತೆ ಮೂರು ವರ್ಷ ಹಿಡಿಯಿತು.

ಆ ಏಳು ಬೀದಿಗಳಿಗೆ ನನ್ನೊಬ್ಬಳನ್ನೇ ಕಳಿಸಬಹುದಿತ್ತು. ಅವರು ಇಡೀ ತಂಡವನ್ನು ಕರೆದುಕೊಂಡು ತಾವೂ ಬಂದರು. ಐದನೆಯದು ಹೆರಿಗೆ ಆಸ್ಪತ್ರೆಯ ಹಿಂದಿನ ಬೀದಿ. ಹಳೆಯ ನಕ್ಷೆಯ ಪ್ರಕಾರ ಮುಖ್ಯ ವಾಲ್ವ್ ಬೇಕರಿಯ ಮೆಟ್ಟಿಲ ಮುಂದೆ ಇರಬೇಕಿತ್ತು. ಅಗೆದರೆ ಅಲ್ಲಿ ಬರೀ ಮಣ್ಣು. ಫಿಟ್ಟರ್ ಅಣ್ಣ ಕಬ್ಬಿಣದ ಸಲಾಕೆಯಿಂದ ರಸ್ತೆಯನ್ನು ಕುಟ್ಟುತ್ತಾ, ಸದ್ದಿಗೆ ಕಿವಿಗೊಡುತ್ತಾ ನಡೆದರು. ನಲವತ್ತು ಹೆಜ್ಜೆ ಆಚೆ, ಟೈಲರ್ ಅಂಗಡಿಯ ಎದುರು ನಿಂತು, “ಇಲ್ಲಿದೆ ನೋಡಿ ಸಾಹೇಬ್ರೇ, ಎರಡು ಪದರ ಡಾಂಬರು ಹೊದ್ದು ಮಲಗಿದೆ” ಎಂದರು. ನನ್ನ ನಕಲಿನಲ್ಲಿ ಅದು ಬೇಕರಿಯ ಮುಂದೆಯೇ ಇತ್ತು. ಅಲ್ಲಿಯೇ, ಟೈಲರ್ ಕೊಟ್ಟ ಸ್ಟೂಲಿನ ಮೇಲೆ ಕುಳಿತು, ಎಲ್ಲರೆದುರು ನಾನು ಅದನ್ನು ಅಳಿಸಿ ತಿದ್ದಿದೆ.

ಹದಿನಾಲ್ಕು ತಿಂಗಳ ನಂತರ, ಒಂದು ಬೆಳಿಗ್ಗೆ ಒಂಬತ್ತಕ್ಕೆ, ಆ ಬೀದಿಯ ಮುಖ್ಯ ಕೊಳವೆ ಒಡೆಯಿತು. ನೀರು ಆಸ್ಪತ್ರೆಯ ನೆಲಮಾಳಿಗೆಗೆ ನುಗ್ಗತೊಡಗಿತು. ಇಡೀ ಕಟ್ಟಡದ ವಿದ್ಯುತ್ ಫಲಕಗಳು ಇದ್ದದ್ದು ಅಲ್ಲಿಯೇ. ಫಿಟ್ಟರ್ ಅಣ್ಣ ಹೊಸ ನಕ್ಷೆ ಹಿಡಿದು ನೇರವಾಗಿ ಟೈಲರ್ ಅಂಗಡಿಯ ಮುಂದೆ ಹೋಗಿ, ಹನ್ನೊಂದು ನಿಮಿಷದಲ್ಲಿ ನೀರು ನಿಲ್ಲಿಸಿದರು. ಆಗ ಮೇಲಿನ ಮಹಡಿಯಲ್ಲಿ ಒಂದು ಶಸ್ತ್ರಚಿಕಿತ್ಸೆ ನಡೆಯುತ್ತಿತ್ತೆಂದೂ, ತಾಯಿ ಮಗು ಇಬ್ಬರೂ ಕ್ಷೇಮವೆಂದೂ ಅಲ್ಲಿನ ಹಿರಿಯ ನರ್ಸ್ ಮಧ್ಯಾಹ್ನ ಫೋನು ಮಾಡಿ ತಿಳಿಸಿದರು. ಫೋನೆತ್ತಿದವಳು ನಾನೇ.

ಆ ತಿಂಗಳು ಎಲ್ಲರ ಸಾಲುಗಳನ್ನು ಸೇರಿಸಿ ವರದಿ ಬರೆಯುವ ಸರದಿ ನನ್ನದಾಗಿತ್ತು. ಸಂಭ್ರಮದಲ್ಲಿ ಆ ಬೆಳಗಿನ ಘಟನೆಯೊಂದರಿಂದಲೇ ಮುಕ್ಕಾಲು ಪುಟ ತುಂಬಿಸಿದ್ದೆ. ಸಾಹೇಬರು ನಿಧಾನವಾಗಿ ಓದಿ, ಅಷ್ಟನ್ನೂ ಹೊಡೆದು, ಒಂದೇ ಸಾಲು ಬರೆದರು: ‘ವಾಲ್ವ್ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿಯೇ ಇತ್ತು.’ ಬಳಿಕ ಹಾಳೆಯನ್ನು ನನ್ನತ್ತ ಸರಿಸಿ, “ಈ ಸಲ ನೀನು ರುಜು ಹಾಕು” ಎಂದರು. ತಂಡದ ವರದಿಗೆ ನನ್ನ ರುಜು ಬಿದ್ದದ್ದು ಅದೇ ಮೊದಲು. ಇಂದು ಅದೇ ಮೇಜಿನ ಸುತ್ತ ನಾನು ಒಂದು ತಂಡವನ್ನು ಕೂರಿಸಿ ಓದಿಸುತ್ತೇನೆ. ತಪ್ಪು ಹೇಳಿಕೊಳ್ಳಲು ಯಾರಾದರೂ ಬಾಗಿಲ ಹತ್ತಿರ ನಿಂತರೆ, ಮೊದಲು ಕೂರಲು ಹೇಳುತ್ತೇನೆ.

ಮೊನ್ನೆ, ಅವರ ಗೌರವಾರ್ಥ ಇಲಾಖೆಯವರು ಹೊರತರುತ್ತಿರುವ ಈ ಸಂಪುಟಕ್ಕೆ ಭಾವಚಿತ್ರ ತರಲು ಅವರ ಮನೆಗೆ ಹೋಗಿದ್ದೆ. ಊಟದ ಮೇಜಿನ ತುಂಬ ಹಾಳೆಗಳು ಹರಡಿದ್ದವು. ತಮ್ಮ ಬಡಾವಣೆಯ ಹಳೆಯ ಬಾವಿಗಳು ಎಲ್ಲೆಲ್ಲಿ ಮುಚ್ಚಿಹೋಗಿವೆ ಎಂದು ಹಿರಿಯರನ್ನು ಕೇಳಿ ಗುರುತು ಮಾಡುತ್ತಿದ್ದಾರಂತೆ. ಗಣಿತದ ಟೀಚರಾಗಿ ನಿವೃತ್ತರಾದ ಅವರ ಶ್ರೀಮತಿಯವರು ಅಳತೆಯ ಟೇಪು ಸುತ್ತುತ್ತಾ, “ಇವರು ರಿಟೈರ್ ಆದ್ರು ಅಂತ ನಿಮಗ್ಯಾರು ಹೇಳಿದ್ರು? ನನ್ನನ್ನೂ ಕೆಲಸಕ್ಕೆ ಸೇರಿಸ್ಕೊಂಡಿದ್ದಾರೆ, ರಜೆಯೂ ಇಲ್ಲ” ಎಂದು ದೂರಿದರು. ಆ ದೂರಿನಲ್ಲಿ ಇದ್ದದ್ದೆಲ್ಲ ಸಂತೋಷವೇ.

ಆ ಬಡಾವಣೆಯಲ್ಲಿ ಈವರೆಗೆ ಸಿಕ್ಕಿರುವುದು ಹದಿನೇಳು ಬಾವಿ; ಇನ್ನೂ ಎಷ್ಟಿವೆಯೋ ಯಾರಿಗೂ ತಿಳಿಯದು. ಅಷ್ಟನ್ನೂ ಇಬ್ಬರೂ ಜೊತೆಯಾಗಿ ಹುಡುಕುವಷ್ಟು ಆಯುಸ್ಸು, ಬಗ್ಗಿ ನೋಡಲು ಗಟ್ಟಿ ಸೊಂಟ, ಬರೆದಿಡಲು ನಡುಗದ ಕೈ ನಮ್ಮ ಸಾಹೇಬರಿಗೆ ಇರಲಿ. ಬಾವಿಗಳು ಮಾತ್ರ ಬೇಗ ಮುಗಿಯದಿರಲಿ.